ಮುತ್ತಜ್ಜನ ಕೋವಿಯ ಆರೈಕೆ

ಹಳೆಯ ಮನೆತನಗಳಲ್ಲಿ ಹಿರಿಯರ ವಸ್ತುಗಳ ಮೇಲೆ ಎರಡು ಬಗೆಯ ಪ್ರೀತಿಯನ್ನು ಕಾಣುತ್ತೇವೆ. ಒಂದು, ಇದ್ದಲ್ಲಿಯೇ ಇರಲಿ ಎಂದು ಅವುಗಳನ್ನು ಅಟ್ಟದ ಮೇಲೆ ಮರೆತುಬಿಡುವ ಪ್ರೀತಿ. ಇನ್ನೊಂದು, ಹಬ್ಬದ ಮುನ್ನಾದಿನ ಕೆಳಗಿಳಿಸಿ, ಹುಣಸೆಹಣ್ಣು ಇಟ್ಟಿಗೆಪುಡಿಗಳಿಂದ ತಿಕ್ಕಿ ತೊಳೆದು ಕನ್ನಡಿಯಂತೆ ಹೊಳೆಯಿಸುವ ಪ್ರೀತಿ. ದಿನನಿತ್ಯ ಬಳಸುವ ಹಂಡೆ, ದೀಪದ ಕಂಬಗಳಿಗೆ ಈ ಎರಡನೆಯ ಪ್ರೀತಿಯಿಂದ ಅಂಥ ಹಾನಿಯೇನೂ ಇಲ್ಲ. ಆದರೆ ನೂರೈವತ್ತು ವರ್ಷಗಳ ಹಿಂದಿನ ಕೋವಿಯೊಂದಕ್ಕೆ ಎರಡೂ ಮಾರಕವಾದುವು. ಮೊದಲನೆಯ ಪ್ರೀತಿ ಅದನ್ನು ತುಕ್ಕಿಗೆ ಒಪ್ಪಿಸುತ್ತದೆ. ಎರಡನೆಯದು ತುಕ್ಕಿನೊಡನೆ ಅದರ ಚರಿತ್ರೆಯನ್ನೂ ಉಜ್ಜಿ ತೆಗೆದುಬಿಡುತ್ತದೆ. ಒಂದು ಶತಮಾನದಲ್ಲಿ ತುಕ್ಕು ಮಾಡಲಾರದ ನಷ್ಟವನ್ನು ಉಪ್ಪುಕಾಗದ ಹಿಡಿದ ಕೈ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲದು.

ಬಾಯಿಯ ಕಡೆಯಿಂದ ಮದ್ದು ಮತ್ತು ಗುಂಡನ್ನು ತುಂಬಿ, ಗಜದಿಂದ ಜಡಿದು, ಹಾರಿಸುತ್ತಿದ್ದ ಕೋವಿಗಳು ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹಳೆಯ ಸೈನಿಕ ಮನೆತನಗಳಲ್ಲಿಯೂ ಇಂದಿಗೂ ಉಳಿದುಕೊಂಡಿವೆ. ಅಂಥ ಆಯುಧವನ್ನು ಮತ್ತೆ ಹಾರುವಂತೆ ಮಾಡುವುದು ಈ ಲೇಖನದ ಉದ್ದೇಶವಲ್ಲ. ಇನ್ನೂ ನೂರು ವರ್ಷ ಅದು ಉಳಿಯುವಂತೆ, ತನ್ನ ಕಥೆಯನ್ನು ತಾನೇ ಹೇಳುವಂತೆ ಕಾಪಾಡುವುದು ಹೇಗೆ ಎಂಬುದನ್ನು ವಿಚಾರಿಸೋಣ. ಅದಕ್ಕೆ ಉದಾಹರಣೆಯಾಗಿ, ಭಾರತದ ಚರಿತ್ರೆಯನ್ನೇ ಅಲ್ಲಾಡಿಸಿದ ಒಂದು ಬಂದೂಕನ್ನು ತೆಗೆದುಕೊಳ್ಳಬಹುದು: ೧೮೫೩ರ ಎನ್‌ಫೀಲ್ಡ್ ರೈಫಲು.

ಸುರುಳಿಗೀರಿನ ಚಮತ್ಕಾರ

ಬಾಯಿಯಿಂದ ತುಂಬುವ ಕೋವಿಗಳಲ್ಲಿ ಮೂರು ತಲೆಮಾರುಗಳನ್ನು ಗುರುತಿಸಬಹುದು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸುತ್ತಿದ್ದ ಬತ್ತಿ ಕೋವಿ ಮೊದಲನೆಯದು. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತಿದ್ದ ಚಕಮಕಿ ಕೋವಿ ಎರಡನೆಯದು. ಸಿಡಿಮದ್ದನ್ನು ಒಳಗೊಂಡ ತಾಮ್ರದ ಪುಟ್ಟ ಟೋಪಿಯನ್ನು, ಎಂದರೆ ಕೇಪನ್ನು, ಸುತ್ತಿಗೆಯಂಥ ಕುದುರೆಯೊಂದು ಬಡಿದು ಬೆಂಕಿ ಹುಟ್ಟಿಸುವ ಕೇಪಿನ ಕೋವಿ ಮೂರನೆಯದು. ಎನ್‌ಫೀಲ್ಡ್ ಈ ಮೂರನೆಯ ತಲೆಮಾರಿಗೆ ಸೇರಿದ್ದು.

ಅದಕ್ಕಿಂತ ಮುಂಚಿನ ಸೈನಿಕರ ಬಂದೂಕುಗಳ ನಳಿಗೆ ಒಳಗೆ ನುಣುಪಾಗಿರುತ್ತಿತ್ತು. ಅದರಿಂದ ಹಾರಿದ ಸೀಸದ ಉಂಡೆ ನೂರು ಗಜ ದಾಟಿದ ಮೇಲೆ ಎಲ್ಲಿ ಬೀಳುವುದೆಂದು ಹಾರಿಸಿದವನಿಗೇ ತಿಳಿಯುತ್ತಿರಲಿಲ್ಲ. ಎನ್‌ಫೀಲ್ಡಿನ ನಳಿಗೆಯೊಳಗೆ ಮೂರು ಗೀರುಗಳು ಸುರುಳಿಯಾಗಿ ಸಾಗುತ್ತವೆ. ೭೮ ಅಂಗುಲಕ್ಕೆ ಒಂದು ಸುತ್ತು. ನಳಿಗೆಯ ಉದ್ದ ೩೯ ಅಂಗುಲವಾದುದರಿಂದ ಗುಂಡು ಹೊರಬೀಳುವಷ್ಟರಲ್ಲಿ ಸರಿಯಾಗಿ ಅರ್ಧ ಸುತ್ತು ತಿರುಗಿರುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ನೆಟ್ಟಗೆ ಸಾಗುತ್ತದೆ. ರೈಫಲು ಎಂಬ ಹೆಸರು ಬಂದುದೇ ಈ ಗೀರುಗಳಿಂದ.

ಆದರೆ ಇಲ್ಲೊಂದು ತೊಡಕು. ಬಾಯಿಯಿಂದ ಸಲೀಸಾಗಿ ಇಳಿಯಬೇಕಾದರೆ ಗುಂಡು ನಳಿಗೆಗಿಂತ ಸಣ್ಣದಾಗಿರಬೇಕು; ಗೀರುಗಳನ್ನು ಕಚ್ಚಿ ತಿರುಗಬೇಕಾದರೆ ಬಿಗಿಯಾಗಿರಬೇಕು. ಈ ವಿರೋಧವನ್ನು ಗುಂಡಿನ ಬುಡವನ್ನು ಟೊಳ್ಳಾಗಿಸಿ ಪರಿಹರಿಸಿದರು. ಮದ್ದು ಹೊತ್ತಿದೊಡನೆ ಅನಿಲದ ಒತ್ತಡಕ್ಕೆ ಮೆತ್ತನೆಯ ಸೀಸ ಹಿಗ್ಗಿ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು. ನಳಿಗೆಯ ವ್ಯಾಸ .೫೭೭ ಅಂಗುಲ, ಬಂದೂಕಿನ ತೂಕ ಸುಮಾರು ಒಂಬತ್ತೂವರೆ ಪೌಂಡು. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನ ಸರಕಾರಿ ಕಾರ್ಖಾನೆಯಿಂದ ಇದಕ್ಕೆ ಈ ಹೆಸರು. ಆ ಕಾರ್ಖಾನೆಗೆ ಅಮೆರಿಕದಿಂದ ಯಂತ್ರಗಳನ್ನು ತರಿಸಿ, ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಸರಿಹೊಂದುವಂತೆ ತಯಾರಿಸತೊಡಗಿದರು. ಬರ್ಮಿಂಗ್‌ಹ್ಯಾಮಿನ ಗುತ್ತಿಗೆದಾರರ ಕುಶಲಕರ್ಮಿಗಳಾದರೋ ಪ್ರತಿಯೊಂದು ಬಂದೂಕನ್ನೂ ಕೈಯಿಂದಲೇ ಅರದಿಂದ ತೀಡಿ ಜೋಡಿಸುತ್ತಿದ್ದರು. ದುರಸ್ತಿ ಮಾಡುವವರು ಈ ಭೇದವನ್ನು ನೆನಪಿನಲ್ಲಿಡಬೇಕು. ಕೈಕೆಲಸದ ಬಂದೂಕಿಗೆ ಮತ್ತೊಂದರ ತಿರುಪು ಕೂಡ ಹೊಂದುವುದಿಲ್ಲ.

ನಳಿಗೆಯೊಳಗಿನ ಚರಿತ್ರೆ

ಈ ಬಂದೂಕಿಗೆ ಬೇಕಾದ ಮದ್ದು ಮತ್ತು ಗುಂಡನ್ನು ಕಾಗದದ ತೋಟಾದಲ್ಲಿ ಸುತ್ತಿ ಕೊಡುತ್ತಿದ್ದರು. ಸಿಪಾಯಿ ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಸವರಿದ ಗುಂಡಿನ ತುದಿಯನ್ನು ಒಳಗೆ ತೂರಿಸಿ ಗಜದಿಂದ ಇಳಿಸಬೇಕಾಗಿತ್ತು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಶಂಕೆ ೧೮೫೭ರ ಆರಂಭದಲ್ಲಿ ದಂಡುಗಳಲ್ಲಿ ಹಬ್ಬಿದುದು, ಮಾರ್ಚ್ ೨೯ರಂದು ಬ್ಯಾರಕ್‌ಪುರದಲ್ಲಿ ಮಂಗಲಪಾಂಡೆ ಸಿಡಿದೆದ್ದುದು, ಮೇ ೧೦ರಂದು ಮೀರತ್ತಿನಲ್ಲಿ ದಂಗೆ ಹೊತ್ತಿಕೊಂಡುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆ ಮಹಾಸಂಗ್ರಾಮಕ್ಕೆ ಕಾರಣಗಳು ಅನೇಕ. ಕಿಡಿ ಬಿದ್ದುದು ಮಾತ್ರ ಈ ತೋಟಾದಿಂದ.

ಮುಂದಿನ ಸಂಗತಿ ಅಷ್ಟು ಪ್ರಸಿದ್ಧವಲ್ಲ. ದಂಗೆಯನ್ನು ಅಡಗಿಸಿದ ಮೇಲೆ ಆಳುವವರಿಗೆ ದೇಶೀಯ ಸಿಪಾಯಿಯ ಕೈಗೆ ಅಷ್ಟು ಗುರಿಯುಳ್ಳ ಆಯುಧವನ್ನು ಕೊಡುವ ಧೈರ್ಯವಾಗಲಿಲ್ಲ. ೧೮೫೮ರಿಂದ ದೇಶೀಯ ದಳಗಳಿಗೆಂದು ಎನ್‌ಫೀಲ್ಡಿನ ಬೇರೊಂದು ಮಾದರಿಯನ್ನೇ ತಂದರು. ಹೊರಗಿನಿಂದ ಅದೇ ಬಂದೂಕು; ಅದೇ ಮೂರು ಕಬ್ಬಿಣದ ಬಳೆಗಳು, ಅದೇ ಹಿತ್ತಾಳೆಯ ಕಾಪು. ಒಳಗೆ ಮಾತ್ರ ಸುರುಳಿಗೀರುಗಳಿಲ್ಲ. ನಳಿಗೆಯನ್ನು ಸುಮಾರು .೬೫ ಅಂಗುಲಕ್ಕೆ ಕೊರೆದು ನುಣುಪಾಗಿಸಿದ್ದರು. ದೂರದ ಗುರಿಗೆ ಏರಿಸಿ ಇಳಿಸುವ ಗುರಿಪಟ್ಟಿಯ ಬದಲು ಕದಲದ ಸಾಮಾನ್ಯ ಗುರಿಯನ್ನು ಕೂರಿಸಿದ್ದರು.

ಇಂಥ ಬಂದೂಕೊಂದು ಇಂದು ತಿಳಿಯದವರ ಕೈಗೆ ಸಿಕ್ಕಿದರೆ ಏನಾದೀತು? ಗೀರುಗಳೆಲ್ಲ ಸವೆದುಹೋಗಿವೆ, ಗುರಿಪಟ್ಟಿ ಕಳೆದುಹೋಗಿದೆ ಎಂದು ಭಾವಿಸಿ, ಹೊಸ ಗುರಿಪಟ್ಟಿಯನ್ನು ಬೆಸೆದು, ನಳಿಗೆಗೆ ಗೀರು ಕೊರೆಯಿಸಿ, ಸರಿಪಡಿಸಿದೆನೆಂದು ಸಂತೋಷಪಟ್ಟಾರು. ಕೊರತೆಯೆಂದು ಅವರಿಗೆ ತೋರಿದುದೇ ಆ ಬಂದೂಕಿನ ನಿಜವಾದ ಬೆಲೆ. ಒಂದು ಸಾಮ್ರಾಜ್ಯ ತನ್ನ ಸೈನಿಕರ ಮೇಲೆ ಇಟ್ಟಿದ್ದ ಅವಿಶ್ವಾಸ ಆ ನುಣುಪಾದ ಕಬ್ಬಿಣದಲ್ಲಿ ಅಚ್ಚೊತ್ತಿದೆ. ಆದುದರಿಂದ ಹಳೆಯ ಕೋವಿಯ ಆರೈಕೆಯಲ್ಲಿ ಕೈಯಿಡುವ ಮೊದಲು ಕಣ್ಣಿಡಬೇಕೆಂಬುದು ಮೊದಲ ಪಾಠ.

ನಮ್ಮ ನಾಡಿನ ನಂಟು

ಕೋವಿಗೂ ಕನ್ನಡ ನಾಡಿಗೂ ಇರುವ ನಂಟು ಸಾಮಾನ್ಯವಾದುದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪೂ ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳ ಮೇಲೆ ಹುಲಿಪಟ್ಟೆಯ ಅಲಂಕಾರ, ಹೈದರನ ಹೆಸರಿನ ಮುದ್ರೆ, ಸುಲ್ತಾನನು ಆರಂಭಿಸಿದ ಶಕೆಯ ವರ್ಷ ಇವುಗಳನ್ನು ಕಾಣಬಹುದು. ೧೭೯೯ರಲ್ಲಿ ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಹಲವು ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದುವು. ಅವು ಟಿಪ್ಪುವಿನವೆಂದು ಇಂದು ನಿಸ್ಸಂದೇಹವಾಗಿ ಹೇಳಲು ಸಾಧ್ಯವಾಗಿರುವುದು ಆ ಮುದ್ರೆಗಳು ಅಳಿಯದೆ ಉಳಿದಿರುವುದರಿಂದ. ಕಾಗದ ದಪ್ಪದ ಕಬ್ಬಿಣವನ್ನು ಯಾರಾದರೂ ಉಜ್ಜಿ ತೆಗೆದಿದ್ದರೆ ಅವು ಹೆಸರಿಲ್ಲದ ಹಳೆಯ ತುಪಾಕಿಗಳಾಗಿ ಉಳಿಯುತ್ತಿದ್ದುವು.

೧೮೫೭ರ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ, ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಹಲಗಲಿಯ ಮೇಲೆ ಬಿದ್ದು ಊರನ್ನು ಸುಟ್ಟಿತು. ಅನೇಕರು ಮಡಿದರು, ಸೆರೆಸಿಕ್ಕ ಹಲವರು ನೇಣಿಗೇರಿದರು. ಆ ಕಥೆ ಲಾವಣಿಯಾಗಿ ಉತ್ತರ ಕರ್ನಾಟಕದಲ್ಲಿ ಬಾಯಿಂದ ಬಾಯಿಗೆ ಹರಿದು, ಜೆ. ಎಫ್. ಫ್ಲೀಟರ ಸಂಗ್ರಹದಲ್ಲಿಯೂ ಸ್ಥಾನ ಪಡೆಯಿತು.

ಅದೇ ಕಾಯಿದೆಯಿಂದ ಕೊಡಗಿಗೆ ಮಾತ್ರ ವಿನಾಯಿತಿ ದೊರೆಯಿತು. ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ೧೮೬೧ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಅದರ ಮೂಲವಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಆಯುಧ ಮಾತ್ರವಲ್ಲ, ಮನೆಯ ಸದಸ್ಯನಿದ್ದಂತೆ. ಮಗು ಹುಟ್ಟಿದ ಸುದ್ದಿಯನ್ನೂ ಹಿರಿಯರು ತೀರಿಕೊಂಡ ಸುದ್ದಿಯನ್ನೂ ಊರಿಗೆ ಸಾರುತ್ತಿದ್ದುದು ಕೋವಿಯ ಈಡು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಂದು ಕೋವಿಗಳನ್ನು ಶುಚಿಗೊಳಿಸಿ ಸಾಲಾಗಿ ಇಟ್ಟು, ‘ತೋಕ್ ಪೂ’ ಎಂದು ಕರೆಯುವ ಕೆಂಪು ಹಳದಿಯ ಕೋವಿ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಮಲೆನಾಡಿನ ಮಳೆಯಲ್ಲಿಯೂ ಅಲ್ಲಿನ ಹಳೆಯ ಕೋವಿಗಳು ಉಳಿದು ಬಂದಿರುವುದಕ್ಕೆ, ವರ್ಷಕ್ಕೊಮ್ಮೆ ತಪ್ಪದೆ ಕೈಗೆತ್ತಿಕೊಂಡು ನೋಡುವ ಈ ಪದ್ಧತಿಯೂ ಒಂದು ಕಾರಣವೆನ್ನಬೇಕು.

ಕಾನೂನು ಮೊದಲು

ಕೊಡಗಿನ ಈ ವಿಶೇಷ ಉಳಿದವರಿಗೆ ಅನ್ವಯಿಸುವುದಿಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ, ರೂಢಿ ತಪ್ಪಿದ ಅಥವಾ ಪ್ರಾಚೀನ ಮೌಲ್ಯದ ಆಯುಧವಾದರೂ ಅದು ದುರಸ್ತಿ ಮಾಡಿಯೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಪರವಾನಗಿ ಬೇಡ. ಕೆಲಸ ಮಾಡಬಲ್ಲ ಕೇಪಿನ ಕೋವಿ, ಎಷ್ಟೇ ಹಳೆಯದಾಗಿರಲಿ, ಕಾನೂನಿನ ಕಣ್ಣಿಗೆ ಬಂದೂಕೇ. ಪರವಾನಗಿ ಪಡೆದಿದ್ದ ಹಿರಿಯರು ಕಾಲವಾದರೆ ವಾರಸುದಾರರು ವಿಳಂಬವಿಲ್ಲದೆ ಅದನ್ನು ಪೊಲೀಸು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಇರಿಸಿ, ತಮ್ಮ ಹೆಸರಿಗೆ ಪರವಾನಗಿಯನ್ನು ಕೋರಬೇಕು. ನೂರು ವರ್ಷ ದಾಟಿದ ಕೋವಿ ೧೯೭೨ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೂ ಬರುವುದರಿಂದ, ವಿದೇಶದಲ್ಲಿರುವ ಮಗನಿಗೋ ಅಳಿಯನಿಗೋ ನೆನಪಿಗೆಂದು ಕಳುಹಿಸಿಕೊಡಲು ಬರುವುದಿಲ್ಲ. ಅಟ್ಟದಲ್ಲಿ ಕೋವಿ ಸಿಕ್ಕಿದ ದಿನವೇ ಈ ವಿಷಯವನ್ನು ವಿಚಾರಿಸಿಕೊಳ್ಳುವುದು ಮೇಲು.

ಒಳಗೆ ಈಡು ಇದೆಯೇ?

ಕಾನೂನಿನ ನಂತರ ಪ್ರಾಣದ ಪ್ರಶ್ನೆ. ಹಳೆಯ ಕೋವಿಯನ್ನು ಎಂದಿಗೂ ಖಾಲಿಯೆಂದು ಭಾವಿಸಬಾರದು. ಬಾಯಿಯಿಂದ ತುಂಬಿದ ಈಡನ್ನು ಹಾರಿಸದೆ ಹೊರತೆಗೆಯುವುದು ಕಷ್ಟವಾದುದರಿಂದ, ಬೇಟೆಯಿಂದ ಬರಿಗೈಯಲ್ಲಿ ಮರಳಿದವರು ಕೋವಿಯನ್ನು ಹಾಗೆಯೇ ಗೋಡೆಗೆ ತೂಗುಹಾಕುತ್ತಿದ್ದುದುಂಟು. ಒಣಗಿದ ಸ್ಥಳದಲ್ಲಿದ್ದ ಕರಿಮದ್ದು ನೂರು ವರ್ಷಗಳಾದರೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ.

ಅಮೆರಿಕದ ಅಂತರ್ಯುದ್ಧದಲ್ಲಿ ಎರಡು ಪಕ್ಷಗಳೂ ಈ ಎನ್‌ಫೀಲ್ಡನ್ನು ಲಕ್ಷಗಟ್ಟಲೆ ತರಿಸಿಕೊಂಡು ಬಳಸಿದುವು. ೧೮೬೩ರ ಜುಲೈಯಲ್ಲಿ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ರಣಭೂಮಿಯಿಂದ ಆಯ್ದು ತಂದ ಸುಮಾರು ೨೭,೫೦೦ ಬಂದೂಕುಗಳಲ್ಲಿ ಸುಮಾರು ೨೪,೦೦೦ ತುಂಬಿದ ಸ್ಥಿತಿಯಲ್ಲಿಯೇ ಇದ್ದುವು. ಅವುಗಳಲ್ಲಿ ಅರ್ಧದಷ್ಟಕ್ಕೆ ಒಂದರ ಮೇಲೊಂದು ಎರಡು ಈಡು ಜಡಿದಿತ್ತು. ಒಂದರಲ್ಲಂತೂ ೨೩ ಈಡುಗಳಿದ್ದುವಂತೆ! ಗದ್ದಲದಲ್ಲಿ ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ಸೈನಿಕನಿಗೆ ತಿಳಿಯದೆ ಮತ್ತೆ ಮತ್ತೆ ತುಂಬಿದುದರ ಫಲವಿದು.

ಪರೀಕ್ಷೆ ಸರಳವಾದುದು. ನಳಿಗೆಯ ಬಾಯಿಯನ್ನು ಯಾರ ಕಡೆಗೂ, ನಿಮ್ಮ ಕಡೆಗೂ, ತಿರುಗಿಸದೆ, ಮರದ ಉದ್ದನೆಯ ಕೋಲೊಂದನ್ನು ತಳ ಮುಟ್ಟುವವರೆಗೆ ಮೆಲ್ಲನೆ ಇಳಿಸಿ, ಬಾಯಿಯ ಅಂಚಿನಲ್ಲಿ ಅದಕ್ಕೆ ಗುರುತು ಹಾಕಿ. ಕೋಲನ್ನು ಹೊರತೆಗೆದು, ಆ ಗುರುತು ಬಾಯಿಯ ಅಂಚಿಗೆ ಬರುವಂತೆ ನಳಿಗೆಯ ಹೊರಮೈ ಮೇಲೆ ಇಡಿ. ಕೋಲಿನ ತುದಿ ಕೇಪು ಕೂರುವ ಮೂತಿಯ ಬಳಿಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳಗಲ ಹಿಂದೆಯೇ ನಿಂತರೆ ಒಳಗೆ ಏನೋ ಇದೆ, ಈಡೆಂದೇ ತಿಳಿಯಬೇಕು. ಆಗ ಕಾಯಿಸುವುದು, ಕುಟ್ಟುವುದು, ಕೊರೆಯುವುದು, ಹಾರಿಸಿ ನೋಡುವುದು ಯಾವುದೂ ಕೂಡದು. ಕೋವಿಯನ್ನು ಅಲುಗಿಸದೆ ಇಟ್ಟು, ಪೊಲೀಸರಿಗೆ ಅಥವಾ ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಿಗೆ ತಿಳಿಸಬೇಕು. ಖಾಲಿಯೆಂದು ಖಚಿತವಾದ ಮೇಲೆಯೇ ಮುಂದಿನ ಮಾತು.

ಬಿಚ್ಚುವ ಬಗೆ

ತಿರುಪನ್ನು ಮುಟ್ಟುವ ಮೊದಲು ನಾಲ್ಕು ದಿಕ್ಕಿನಿಂದಲೂ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಕುದುರೆ ಮತ್ತು ಅದರ ಒಳಗಿನ ಕೀಲುಗಳನ್ನು ಹೊತ್ತ ಫಲಕಕ್ಕೆ ಬಂದೂಕಿನವರು ಲಾಕು ಎನ್ನುತ್ತಾರೆ. ಎನ್‌ಫೀಲ್ಡಿನ ಲಾಕಿನ ಮೇಲೆ ಕಿರೀಟ, ವರ್ಷ, ತಯಾರಾದ ಸ್ಥಳದ ಹೆಸರು ಇರುತ್ತವೆ. ಈಸ್ಟ್ ಇಂಡಿಯಾ ಕಂಪನಿಗಾಗಿ ತಯಾರಾದ ಅನೇಕ ಬಂದೂಕುಗಳ ಮೇಲೆ ಹಿಂಗಾಲಿನ ಮೇಲೆದ್ದು ನಿಂತ ಸಿಂಹವನ್ನು ಕಾಣಬಹುದು. ನಳಿಗೆಯ ಬುಡದಲ್ಲಿ ಪರೀಕ್ಷಾ ಮುದ್ರೆಗಳು, ಮರದ ಮೇಲೆ ತನಿಖೆದಾರನ ಅಚ್ಚು, ಭುಜಕ್ಕೆ ಒರಗುವ ಹಿತ್ತಾಳೆಯ ತಟ್ಟೆಯ ಮೇಲೆ ದಳದ ಗುರುತು ಇರಬಹುದು. ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಹಳೆಯ ತಿರುಪುಗಳ ತಲೆಯ ಸೀಳು ಇಕ್ಕಟ್ಟಾಗಿರುತ್ತದೆ. ಅದಕ್ಕೆ ಸರಿಯಾಗಿ ಕೂರುವಂತೆ ತುದಿಯನ್ನು ಅರದಿಂದ ತೀಡಿದ ತಿರುಪುಳಿಯನ್ನು ಮಾತ್ರ ಬಳಸಬೇಕು. ಕೈಗೆ ಸಿಕ್ಕಿದುದನ್ನು ತುರುಕಿದರೆ ಸೀಳು ಹರಿದು, ಆ ಗಾಯ ಶಾಶ್ವತವಾಗಿ ಉಳಿಯುತ್ತದೆ. ತಿರುಪು ಅಲುಗದಿದ್ದರೆ ತೆಳುವಾದ ಯಂತ್ರದೆಣ್ಣೆಯ ಒಂದು ಹನಿ ಬಿಟ್ಟು ಎರಡು ದಿನ ಕಾಯಬೇಕು. ಮತ್ತೆ ಹನಿ, ಮತ್ತೆ ಕಾಯುವಿಕೆ. ತಾಳ್ಮೆಗಿಂತ ಒಳ್ಳೆಯ ಸಲಕರಣೆ ಈ ಕೆಲಸದಲ್ಲಿಲ್ಲ.

ಲಾಕನ್ನು ಬಿಡಿಸುವಾಗ ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಿ, ಎದುರು ಬದಿಯ ಎರಡು ತಿರುಪುಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ತಿರುಪುಳಿಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಲಾಕು ತಾನಾಗಿ ಮೇಲೇಳುತ್ತದೆ. ಅಂಚಿಗೆ ಉಳಿ ಕೊಟ್ಟು ಮೀಟಿದರೆ ಮರ ಸೀಳುತ್ತದೆ. ಗಜವನ್ನು ಎಳೆದುಕೊಂಡು, ಮೂರು ಬಳೆಗಳನ್ನು ಸಡಿಲಿಸಿ ಜಾರಿಸಿ, ಬುಡದ ತಿರುಪನ್ನು ತೆಗೆದರೆ ನಳಿಗೆ ಬಾಯಿಯ ಕಡೆಯಿಂದ ಮೇಲೆ ಬರುತ್ತದೆ. ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು. ಲಾಕಿನ ದೊಡ್ಡ ಬಿಲ್ಲನ್ನು, ಕೇಪಿನ ಮೂತಿಯನ್ನು, ನಳಿಗೆಯ ಬುಡದ ಬಿರಡೆಯನ್ನು ಕೀಳುವ ಸಾಹಸ ಬೇಡ. ಅದು ಅನುಭವಿಗಳ ಕೆಲಸ. ಬಿರಡೆಯನ್ನಂತೂ ಅವರೂ ಸುಮ್ಮನೆ ಮುಟ್ಟುವುದಿಲ್ಲ.

ತುಕ್ಕಿನಲ್ಲಿ ಎರಡು ಜಾತಿ

ಎಲ್ಲ ತುಕ್ಕೂ ಶತ್ರುವಲ್ಲ. ಹಿಂದಿನ ಕುಶಲಕರ್ಮಿಗಳು ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಹೀಗೆ ಹಲವು ಬಾರಿ ಮಾಡಿ ಕಂದು ಅಥವಾ ಕಡುನೀಲಿ ಬಣ್ಣವನ್ನು ಬರಿಸುತ್ತಿದ್ದರು. ಆ ಬಣ್ಣವೂ, ಅದರ ಮೇಲೆ ವರ್ಷಗಳು ಕೂರಿಸಿದ ಗಟ್ಟಿಯಾದ ಕಂದು ಪದರವೂ ಕಬ್ಬಿಣಕ್ಕೆ ಕವಚವಿದ್ದಂತೆ. ಶತ್ರುವಾದುದು ಕಿತ್ತಳೆ ಬಣ್ಣದ ಪುಡಿಪುಡಿಯಾದ ತುಕ್ಕು. ಅದು ತೇವವನ್ನು ಹೀರಿ ಹಿಡಿದುಕೊಂಡು ಒಳಗೊಳಗೇ ತಿನ್ನುತ್ತದೆ. ಬಿಳಿಯ ಹತ್ತಿಬಟ್ಟೆಯಿಂದ ಒಮ್ಮೆ ಒರೆಸಿ ನೋಡಿದರೆ ಭೇದ ತಿಳಿಯುತ್ತದೆ: ಬಟ್ಟೆಗೆ ಕೆಂಪು ಹತ್ತಿದರೆ ತುಕ್ಕು ಜೀವಂತವಾಗಿದೆ, ಹತ್ತದಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ.

ಜೀವಂತ ತುಕ್ಕಿನ ಮೇಲೆ ತೆಳುವಾದ ಯಂತ್ರದೆಣ್ಣೆಯನ್ನು ಸವರಿ ಒಂದೆರಡು ದಿನ ನೆನೆಯಬಿಟ್ಟು, ಒರಟು ಬಟ್ಟೆಯಿಂದ ಒರೆಸಬೇಕು. ಗಟ್ಟಿಯಾಗಿ ಎದ್ದ ಹೊಪ್ಪಳೆಗಳನ್ನು ಹಳೆಯ ತಾಮ್ರದ ನಾಣ್ಯದ ಅಂಚಿನಿಂದ ಕೆರೆಯಬಹುದು. ತಾಮ್ರ ಕಬ್ಬಿಣಕ್ಕಿಂತ ಮೆದುವಾದುದರಿಂದ ಗೀರು ಬೀಳುವುದಿಲ್ಲ. ಅತಿ ನಯವಾದ ಉಕ್ಕಿನ ನಾರನ್ನು ಎಣ್ಣೆಯೊಡನೆ, ಕೈಭಾರ ಹಾಕದೆ, ಮುದ್ರೆಗಳಿಂದ ದೂರವಾಗಿ ಬಳಸಬಹುದು. ಉಪ್ಪುಕಾಗದ, ತಿರುಗುವ ತಂತಿಚಕ್ರ, ಆಮ್ಲ, ನಿಂಬೆಹಣ್ಣು, ಹುಣಸೆಹಣ್ಣುಗಳಿಗೆ ಪ್ರವೇಶವಿಲ್ಲ. ಅವು ಒಳ್ಳೆಯ ಪದರವನ್ನೂ ಕೆಟ್ಟ ಪದರವನ್ನೂ ಒಟ್ಟಿಗೆ ಕಿತ್ತು, ಕಬ್ಬಿಣವನ್ನು ಬೆತ್ತಲೆ ಮಾಡಿಬಿಡುತ್ತವೆ. ಬೆತ್ತಲೆ ಕಬ್ಬಿಣಕ್ಕೆ ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ.

ನಳಿಗೆಯ ಒಳಭಾಗಕ್ಕೆ ಬೇರೆಯೇ ರೋಗ. ಕರಿಮದ್ದಿನಲ್ಲಿ ನೂರಕ್ಕೆ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಿಲು, ೧೦ ಪಾಲು ಗಂಧಕ. ಅದು ಉರಿದ ಮೇಲೆ ಉಳಿಯುವ ಲವಣಗಳೂ, ಹಿಂದಿನ ಕಾಲದ ಕೇಪಿನ ಲವಣಗಳೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಇವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಆದುದರಿಂದಲೇ ಅಂದಿನ ಸೈನಿಕ ತನ್ನ ಬಂದೂಕನ್ನು ಮೊದಲು ನೀರಿನಿಂದ ತೊಳೆಯುತ್ತಿದ್ದ. ಮರದಿಂದ ಬೇರ್ಪಡಿಸಿದ ನಳಿಗೆಯ ಒಳಗನ್ನು ಬಿಸಿಯಾದ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಲವು ಬಾರಿ ಒರೆಸಿ, ಒಡನೆಯೇ ಒಣಬಟ್ಟೆಗಳಿಂದ ತೇವವೆಲ್ಲ ಹೋಗುವವರೆಗೆ ಒರೆಸಿ, ಆಮೇಲೆ ತೆಳುವಾಗಿ ಎಣ್ಣೆ ಹಚ್ಚಬೇಕು. ತೇವದ ಮೇಲೆ ಎಣ್ಣೆ ಹಚ್ಚಿದರೆ ರೋಗವನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ.

ಹಿತ್ತಾಳೆ ಮತ್ತು ಮರ

ಎನ್‌ಫೀಲ್ಡಿನ ಟ್ರಿಗರಿನ ಕಾಪು, ಹಿಂಬದಿಯ ತಟ್ಟೆ, ತುದಿಯ ಟೋಪಿ ಹಿತ್ತಾಳೆಯವು. ಇವುಗಳನ್ನು ಕಂಡೊಡನೆ ನಮ್ಮ ಕೈ ಹುಣಸೆಹಣ್ಣಿನ ಕಡೆಗೆ ಹೋಗುವುದು ಸ್ವಾಭಾವಿಕ. ಆದರೆ ಪ್ರತಿ ಹಬ್ಬಕ್ಕೂ ಉಜ್ಜಿದ ಹಿತ್ತಾಳೆಯಲ್ಲಿ ಅಕ್ಷರಗಳು ಸವೆದು ನಾಮಾವಶೇಷವಾಗುತ್ತವೆ. ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಬಿದಿರುಕಡ್ಡಿಯಿಂದ ಬಿಡಿಸಿ, ಬಟ್ಟೆಯಿಂದ ಒರೆಸಿದರೆ ಸಾಕು. ಜೇನುಬಣ್ಣದ ಮಾಗಿದ ಹಿತ್ತಾಳೆ ಕೊಳೆಯಲ್ಲ. ಕೊಬ್ಬರಿಎಣ್ಣೆ ಮೊದಲಾದ ಅಡುಗೆಯ ಎಣ್ಣೆಗಳನ್ನು ಸವರುವ ಅಭ್ಯಾಸವನ್ನೂ ಬಿಡಬೇಕು. ಅವು ಕಾಲಕ್ರಮದಲ್ಲಿ ಹಳಸಿ ಹುಳಿಯಾಗಿ, ಆ ಹುಳಿಯೇ ಕಿಲುಬಿಗೆ ಕಾರಣವಾಗುತ್ತದೆ.

ಬಂದೂಕಿನ ಮರ ಅಕ್ರೋಟಿನದು. ಅದರ ಮೇಲಿನ ಗಾಯಗಳು ಕೂಡ ದಾಖಲೆಗಳೇ. ಉಪ್ಪುಕಾಗದದಿಂದ ತಿಕ್ಕಿ ವಾರ್ನಿಷು ಬಳಿದರೆ ತನಿಖೆದಾರನ ಅಚ್ಚೂ ಹೋಯಿತು, ಲೋಹಕ್ಕೂ ಮರಕ್ಕೂ ಇದ್ದ ಸಮಮಟ್ಟವೂ ಹೋಯಿತು. ಚೆನ್ನಾಗಿ ಹಿಂಡಿದ ಬಟ್ಟೆಗೆ ಸೌಮ್ಯವಾದ ಸಾಬೂನನ್ನು ಸ್ವಲ್ಪ ತಾಗಿಸಿ ಒರೆಸಿ, ಒಣಗಿಸಿ, ತೆಳುವಾಗಿ ಮೇಣ ಸವರುವುದೇ ಸರಿಯಾದ ಉಪಚಾರ. ೧೯೫೦ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಶಾಲೆಯಲ್ಲಿ ಸಿದ್ಧವಾದ, ಅತಿ ಸೂಕ್ಷ್ಮ ಹರಳುಗಳ ಮೇಣವೊಂದನ್ನು ಇಂದು ವಸ್ತುಸಂಗ್ರಹಾಲಯಗಳು ಮರಕ್ಕೂ ಲೋಹಕ್ಕೂ ಬಳಸುತ್ತವೆ. ಅದರಲ್ಲಿ ಹುಳಿಯಿಲ್ಲ, ಬೇಡವೆಂದಾಗ ತೆಗೆಯಲೂ ಬರುತ್ತದೆ. ಬೇಡವೆಂದಾಗ ತೆಗೆಯಲು ಬರುವುದನ್ನೇ ಮಾಡಬೇಕೆಂಬುದು ಈ ವಿದ್ಯೆಯ ಮೂಲಸೂತ್ರ. ಸೀಳಿದ ಮರಕ್ಕೂ ಅದೇ ನ್ಯಾಯ. ಒಮ್ಮೆ ಹಿಡಿದರೆ ಬಿಡದ ಹೊಸಕಾಲದ ಅಂಟಿಗಿಂತ, ಬಿಸಿನೀರಿಗೆ ಸಡಿಲವಾಗುವ, ಪ್ರಾಣಿಗಳ ಚರ್ಮದಿಂದ ಕಾಯಿಸಿದ ಹಳೆಯ ಅಂಟೇ ಲೇಸು.

ಎಲ್ಲಿ, ಹೇಗೆ ಇಡಬೇಕು?

ಬೆರಳಿನ ಬೆವರಿನಲ್ಲಿರುವ ಉಪ್ಪು ಸಾಕು, ಒಂದು ವಾರದಲ್ಲಿ ಕಬ್ಬಿಣದ ಮೇಲೆ ಬೆರಳಚ್ಚಿನಾಕಾರದ ತುಕ್ಕನ್ನು ಮೂಡಿಸಲು. ಆದುದರಿಂದ ಕೋವಿಯನ್ನು ಮುಟ್ಟುವಾಗ ಹತ್ತಿಯ ಕೈಚೀಲ ಧರಿಸಬೇಕು. ಮುಟ್ಟಿದ ಮೇಲೆ ಒರೆಸಿಡಬೇಕು. ಚರ್ಮದ ಒರೆಯಲ್ಲಿ ಅಥವಾ ಕಂಬಳಿಯಲ್ಲಿ ಸುತ್ತಿಡುವುದು ಪ್ರೀತಿಯ ಲಕ್ಷಣವೆಂದು ತೋರಬಹುದು. ಆದರೆ ಅವೆರಡೂ ತೇವವನ್ನು ಹಿಡಿದಿಡುತ್ತವೆ. ನಳಿಗೆಯ ಬಾಯಿಗೆ ಬಿರಡೆ ಹಾಕಿದರೂ ಅದೇ ಅಪಾಯ. ಎಣ್ಣೆ ಹಚ್ಚಿದ ಕೋವಿಯನ್ನು ಕೆಲವು ದಿನ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಇಳಿದು ಮರವನ್ನು ಮೆತ್ತಗಾಗಿಸುವುದು ತಪ್ಪುತ್ತದೆ. ಹೊರಗೋಡೆಗೆ ತಾಗಿಸದೆ, ಬಿಸಿಲು ಬೀಳದ, ಗಾಳಿಯಾಡುವ, ಬೀಗವಿರುವ ಬೀರುವಿನಲ್ಲಿಟ್ಟು, ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣವನ್ನು ಬದಲಿಸುತ್ತಿರಬೇಕು. ಮರದಿಂದ ಹೊಸ ಪುಡಿ ಉದುರಿದ್ದರೆ ಕುಟ್ಟೆಹುಳು ಬಂದಿದೆಯೆಂದು ತಿಳಿದು ಒಡನೆ ಉಪಚಾರ ಮಾಡಿಸಬೇಕು.

ಆಯುಧಪೂಜೆಯ ದಿನ ಗಂಧ, ಕುಂಕುಮ, ಹೂಗಳನ್ನು ಏರಿಸುವವರು ಮರುದಿನವೇ ಅವನ್ನು ತೆಗೆದು ಒರೆಸಿಡಲಿ. ಕಬ್ಬಿಣದ ಮೇಲೆ ಒಣಗಿದ ಒದ್ದೆ ಗಂಧ ಬೊಟ್ಟಿನಾಕಾರದ ತುಕ್ಕಾಗಿ ಉಳಿಯುತ್ತದೆ.

ಎಷ್ಟು ಸರಿಪಡಿಸಬೇಕು?

ಗಜ, ಕೇಪಿನ ಮೂತಿ, ಚರ್ಮದ ಪಟ್ಟಿ ಇವು ಸೈನ್ಯದಲ್ಲಿದ್ದಾಗಲೇ ಸವೆದಂತೆಲ್ಲ ಬದಲಾಗುತ್ತಿದ್ದ ಭಾಗಗಳು. ಇವು ಇಲ್ಲದಿದ್ದರೆ ಅದೇ ಮಾದರಿಯವನ್ನು ಮಾಡಿಸಿ, ಹೊಸದೆಂದು ಗುರುತಿಟ್ಟು ಸೇರಿಸುವುದರಲ್ಲಿ ತಪ್ಪಿಲ್ಲ. ಅಳಿಸಿದ ಮುದ್ರೆಯನ್ನು ಮತ್ತೆ ಕೊರೆಯಿಸುವುದು ಮಾತ್ರ ಸುಳ್ಳು ದಾಖಲೆ ಬರೆದಂತೆ. ಹಾಗೆಯೇ, ಎಷ್ಟೇ ಚೆನ್ನಾಗಿ ಕಾಣಲಿ, ಹಳೆಯ ನಳಿಗೆಯಿಂದ ಈಡು ಹಾರಿಸುವ ಆಸೆ ಬೇಡ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಸಿಡಿದಾಗ ಅದು ಇರುವುದು ಮುಖದ ಪಕ್ಕದಲ್ಲಿ.

ಬ್ರಿಟಿಷ್ ಸೈನ್ಯ ೧೮೬೬ರಿಂದ ಎನ್‌ಫೀಲ್ಡುಗಳ ಬುಡವನ್ನು ಕತ್ತರಿಸಿ, ಹಿಂದಿನಿಂದ ತುಂಬುವ ಸ್ನೈಡರ್ ಬಂದೂಕುಗಳಾಗಿ ಮಾರ್ಪಡಿಸಿತು. ಹಾಗೆ ಮಾರ್ಪಾಡಾಗದೆ ಉಳಿದವು ಅದರಿಂದಲೇ ಅಮೂಲ್ಯವಾದುವು. ನೇಪಾಳದ ಕಾಠ್ಮಂಡುವಿನ ಹಳೆಯ ಶಸ್ತ್ರಾಗಾರವೊಂದರಲ್ಲಿ ತಲೆಮಾರುಗಳ ಕಾಲ ಕೂಡಿಟ್ಟಿದ್ದ ಐವತ್ತು ಸಾವಿರಕ್ಕೂ ಹೆಚ್ಚು ಬಂದೂಕುಗಳು ೨೦೦೩ರಲ್ಲಿ ಅಮೆರಿಕದ ವ್ಯಾಪಾರಿಗಳಿಗೆ ಮಾರಾಟವಾದುವು. ಕಂಪನಿಯ ಕಾಲದ ಚಕಮಕಿ ಕೋವಿಗಳೂ ಎನ್‌ಫೀಲ್ಡ್ ಮಾದರಿಗಳೂ ಅವುಗಳಲ್ಲಿದ್ದುವು. ಗಟ್ಟಿಯಾದ ಜಿಡ್ಡು ಮತ್ತು ಧೂಳಿನ ಪದರದ ಅಡಿಯಲ್ಲಿ ಎಷ್ಟೋ ಬಂದೂಕುಗಳ ಮುದ್ರೆಗಳು ಸ್ಪಷ್ಟವಾಗಿಯೇ ಉಳಿದಿದ್ದುವು. ಯಾರೂ ಹೊಳಪು ಕೊಡಲು ಹೋಗದಿದ್ದುದು ಅವುಗಳ ಭಾಗ್ಯ.

ನಮ್ಮ ಮನೆಗಳ ಕೋವಿಗಳಿಗೆ ಇನ್ನೂ ಒಂದು ಸಂಪತ್ತುಂಟು. ಅದು ಯಾವ ಶಸ್ತ್ರಾಗಾರದಲ್ಲಿಯೂ ದೊರೆಯದು. ಆ ಕೋವಿ ಯಾರದು, ಹೇಗೆ ಮನೆಗೆ ಬಂತು, ಹಿಡಿಯ ಮೇಲಿನ ಆ ಕಚ್ಚು ಯಾವಾಗಿನದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇರಬಹುದು. ಅವರನ್ನು ಕೇಳಿ, ಮುದ್ರೆಗಳ ವಿವರ ಬರೆದಿಟ್ಟ ಪುಸ್ತಕದಲ್ಲಿಯೇ ಅದನ್ನೂ ಬರೆದಿಡಬೇಕು. ಕಬ್ಬಿಣ ಇನ್ನೊಂದು ವರ್ಷ ಕಾಯಬಲ್ಲದು. ಹಿರಿಯರ ನೆನಪು ಕಾಯುವುದೆಂಬ ಭರವಸೆಯಿಲ್ಲ. ನಾಳೆ ಮೊಮ್ಮಗಳೊಬ್ಬಳು, ಈ ನಳಿಗೆಯೊಳಗೆ ಗೀರುಗಳೇ ಇಲ್ಲವಲ್ಲ, ಏಕೆ ಎಂದು ಕೇಳಿದರೆ, ಉತ್ತರ ಆ ಪುಸ್ತಕದಲ್ಲಿರಲಿ.